ಮಾಲೀಕರ ಬಾಮೈದನ ಸೂಜಿ

ಆ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಹದಿನೆಂಟು ವರ್ಷ ದುಡಿದ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಗಂಟುಕಟ್ಟಿದ ಸ್ನಾಯುವಿಗೆ ಸೂಜಿ ಚುಚ್ಚಿ ಸಡಿಲಿಸುವ ಚಿಕಿತ್ಸೆ ಅವಳಿಗೆ ಕರಗತವಾಗಿತ್ತು. ಔಷಧಿಯಿಲ್ಲದ, ಕೂದಲೆಳೆಯಂಥ ಬರೀ ಸೂಜಿ. ಆದರೂ ಹೆಗಲಿನ ಹತ್ತಿರ ಹೋದಾಗಲೆಲ್ಲ ಸ್ನಾಯುವನ್ನು ಬೆರಳುಗಳಿಂದ ಹಿಡಿದೆತ್ತಿ, ಪಕ್ಕೆಲುಬಿನಿಂದ ದೂರ ಮಾಡಿ, ಆಮೇಲೆಯೇ ಚುಚ್ಚುತ್ತಿದ್ದಳು. ಕೆಳಗೆ ಶ್ವಾಸಕೋಶವಿದೆ ಎಂಬುದನ್ನು ಒಂದು ದಿನವೂ ಮರೆತವಳಲ್ಲ.

ಮಾಲೀಕರ ಬಾಮೈದ ಬಂದ ಮೇಲೆ ಕಥೆಯೇ ಬೇರೆಯಾಯಿತು. ಅವನೂ ಫಿಸಿಯೋಥೆರಪಿ ಓದಿದವನೇ. ಆದರೆ ಸೂಜಿಯ ವಿದ್ಯೆಯನ್ನು ಎರಡೇ ದಿನದಲ್ಲಿ ಕಲಿತು, ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೇರಿಸಿ, ಸಿಕ್ಕಸಿಕ್ಕವರಿಗೆಲ್ಲ ಚುಚ್ಚತೊಡಗಿದ.

"ಹೆಗಲಿಗೆ ಈಗಲೇ ಕೈ ಹಾಕಬೇಡಪ್ಪಾ. ಒಂದಷ್ಟು ದಿನ ನನ್ನ ಪಕ್ಕ ನಿಂತು ನೋಡು" ಎಂದು ದೊಡ್ಡಕ್ಕ ಹೇಳಿದ್ದಳು.

"ಬಿಡಿ ಅಕ್ಕಾ, ನೀವು ಸೊಳ್ಳೆ ಕಚ್ಚಿದ್ರೂ ಎಕ್ಸ್‌ರೇ ತೆಗೆಸೋರು!" ಎಂದು ನಕ್ಕಿದ್ದ. ಮಾಲೀಕರೂ ಜೊತೆಗೆ ನಕ್ಕಿದ್ದರು. ಅವಳು ತುಟಿ ಕಚ್ಚಿಕೊಂಡು ಸುಮ್ಮನಾಗಿದ್ದಳು.

ಒಂದು ಮಧ್ಯಾಹ್ನ ಅವಳು ಮೆಟ್ಟಿಲಿಳಿಯುವಾಗ ಒಬ್ಬ ಹೆಂಗಸು ಕಂಬಿ ಹಿಡಿದು ಕೂತಿದ್ದರು. ಮೂವತ್ತು ವರ್ಷ ಕೋಟು ಹೊಲಿದು ಹೆಗಲು ಕಲ್ಲಾಗಿದ್ದ ದರ್ಜಿ. ಸ್ವಲ್ಪ ಹೊತ್ತಿನ ಹಿಂದೆ ಬಾಮೈದನ ಕೋಣೆಗೆ ಹೋದದ್ದನ್ನು ಅವಳೇ ನೋಡಿದ್ದಳು.

"ಏನಾಯ್ತಮ್ಮಾ?"

"ಸೂಜಿ ಹಾಕಿಸ್ಕೊಂಡೆ. ಉಸಿರು ಎಳೆದ್ರೆ ಎದೇಲಿ ಚುಚ್ಚತ್ತೆ. ಅವರಿಗೆ ಹೇಳಿದೆ. ಸೂಜಿ ಆದ್ಮೇಲೆ ನೋವು ಇದ್ದದ್ದೇ, ಮನೆಗೆ ಹೋಗಿ ಶಾಖ ಕೊಡಿ ಅಂದ್ರು." ಮಾತಿನ ನಡುವೆ ಎರಡು ಸಲ ಒಣಕೆಮ್ಮು ಬಂತು.

ದೊಡ್ಡಕ್ಕ ಸ್ಟೆತಾಸ್ಕೋಪ್ ತಂದು ಬೆನ್ನಿಗಿಟ್ಟಳು. ಎಡಗಡೆ ಉಸಿರು ಸರಿಯಾಗಿ ಕೇಳಿಸುತ್ತಿತ್ತು. ಬಲಗಡೆ ಎಲ್ಲೋ ದೂರದಿಂದ ಬಂದ ಹಾಗಿತ್ತು. ಯಾರನ್ನೂ ಕೇಳದೆ ಆಂಬುಲೆನ್ಸ್ ಕರೆಸಿ, ತಾನೂ ಹತ್ತಿ ಕೂತಳು.

ಆಸ್ಪತ್ರೆಯಲ್ಲಿ ನೋಡಿದರೆ ಶ್ವಾಸಕೋಶಕ್ಕೆ ತೂತು ಬಿದ್ದಿತ್ತು. ಎದೆಯೊಳಗೆ ಗಾಳಿ ಸೋರಿ, ಅದು ಮೂರರಲ್ಲೊಂದು ಪಾಲು ಕುಗ್ಗಿತ್ತು. ಡಾಕ್ಟರು ಪಕ್ಕೆಲುಬಿನ ಸಂದಿಯಲ್ಲಿ ಕೊಳವೆ ತೂರಿಸಿ ಗಾಳಿ ತೆಗೆದರು.

ಸಂಜೆ ದರ್ಜಿ ಮೆಲ್ಲಗೆ ಕೇಳಿದರು: "ನಾನು ಬಟ್ಟೆಗೆ ಸೂಜಿ ಚುಚ್ಚೋಕೆ ಮುಂಚೆ ಕೆಳಗೆ ನನ್ನ ಬೆರಳಿದೆಯಾ ಅಂತ ನೋಡ್ತೀನಿ. ಅವರು ನೋಡಲಿಲ್ವಾ? ಹೀಗೂ ಆಗಬಹುದು ಅಂತ ಮೊದಲೇ ಒಂದು ಮಾತು ಹೇಳಿದ್ರೆ ಅವರ ಗಂಟೇನು ಹೋಗ್ತಿತ್ತು?"

ದೊಡ್ಡಕ್ಕ ಅವರ ಹೊದಿಕೆ ಸರಿಮಾಡಿದಳು. ಬಾಮೈದನ ಮೇಲಿನ ಸಿಟ್ಟಿಗಿಂತ, ಅಂದು ತುಟಿ ಕಚ್ಚಿಕೊಂಡು ಕೂತ ತನ್ನ ಮೇಲಿನ ಸಿಟ್ಟು ಹೆಚ್ಚು ಸುಡುತ್ತಿತ್ತು.

ಮರುದಿನ ಮಾಲೀಕರು ಬಾಮೈದನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಾಗಿಲು ಹಾಕಿ, ದೊಡ್ಡಕ್ಕನ ಮುಂದೆ ಫೈಲು ತಳ್ಳಿದರು. "ಚುಚ್ಚುವಾಗ ಪೇಷೆಂಟ್ ಅಲುಗಾಡಿದ್ರು ಅಂತ ಬರೀರಿ. ಅಪಾಯದ ಬಗ್ಗೆ ಮೊದಲೇ ತಿಳಿಸಿದ್ವಿ ಅಂತಲೂ ಸೇರಿಸಿ. ನಿಮ್ಮ ಸಹಿಗೆ ತೂಕ ಇದೆ."

"ತಿಳಿಸಿದ್ರಾ?"

"ಸಾವಿರಾರು ಸಲಕ್ಕೆ ಒಂದು ಸಲ ಆಗೋದಕ್ಕೆಲ್ಲ ಹೆದರಿಸ್ತಾ ಕೂತರೆ ಯಾರು ಬರ್ತಾರೆ?" ಬಾಮೈದ ನಡುವೆ ಬಾಯಿ ಹಾಕಿದ.

ದೊಡ್ಡಕ್ಕನ ಮೈ ಉರಿದುಹೋಯಿತು. "ಆಕಸ್ಮಿಕ ಯಾರ ಕೈಲಾದ್ರೂ ಆಗಬಹುದು ಕಣಯ್ಯಾ, ನನ್ನ ಕೈಲೂ. ಆದರೆ ಉಸಿರು ಎಳೆದ್ರೆ ಎದೇಲಿ ಚುಚ್ಚತ್ತೆ ಅಂದವರನ್ನ ಶಾಖ ಕೊಡಿ ಅಂತ ಕಳಿಸಿದ್ಯಲ್ಲ, ಅದು ಆಕಸ್ಮಿಕಾನಾ? ಸ್ನಾಯು ಹಿಡಿದೆತ್ತಿದ್ಯಾ, ಹೇಳು!"

ಅವನು ಭಾವನ ಮುಖ ನೋಡಿದ.

ಅವಳು ಫೈಲು ಎಳೆದುಕೊಂಡಳು. ಮೆಟ್ಟಿಲ ಮೇಲೆ ಕಂಡದ್ದು, ಕೇಳಿದ್ದು, ರೋಗಿ ಹೇಳಿದ್ದು ಎಲ್ಲವನ್ನೂ ಗಂಟೆ-ನಿಮಿಷ ಸಮೇತ ಬರೆದು ಸಹಿ ಹಾಕಿದಳು. ಆ ವಾರವೇ ಅವಳ ಕೆಲಸ ಹೋಯಿತು. ಅವಳು ನೇರವಾಗಿ ಫಿಸಿಯೋಥೆರಪಿಯವರ ಮೇಲೆ ಕಣ್ಣಿಡುವ ವೃತ್ತಿ ಮಂಡಳಿಗೆ ದೂರು ಕೊಟ್ಟಳು.

ಪೂರ್ತಿ ತರಬೇತಿಯಾಗುವ ತನಕ ಬಾಮೈದ ಸೂಜಿ ಮುಟ್ಟಕೂಡದು ಎಂದು ಮಂಡಳಿ ಆದೇಶಿಸಿತು. ಮಾಲೀಕರಿಗೆ ಒಂದು ಎಚ್ಚರಿಕೆಯ ಪತ್ರ ಹೋಯಿತು, ಅಷ್ಟೇ. "ಬರೀ ಪತ್ರ!" ಎಂದು ದೊಡ್ಡಕ್ಕ ದರ್ಜಿಗೆ ಫೋನು ಮಾಡಿ ಕೂಗಾಡಿದಳು. ಅಷ್ಟರಲ್ಲಿ ಹೊಲಿಗೆಗೆ ಮರಳಿದ್ದ ದರ್ಜಿಯೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ಹೊಸ ಕ್ಲಿನಿಕ್ಕಿಗೆ ಸೇರಿದ ಮೊದಲ ದಿನ ಹೆಗಲು ನೋವಿನ ಮೇಷ್ಟರೊಬ್ಬರು ಬಂದರು. ಸೂಜಿಯಿಂದ ಏನೇನು ಆಗಬಹುದು ಎಂದು ಅವಳು ಶ್ವಾಸಕೋಶದ ವಿಷಯವನ್ನೂ ಸೇರಿಸಿ ಎಲ್ಲ ಹೇಳಿದಳು.

"ಹಾಗಾದ್ರೆ ನನಗೆ ಸೂಜಿ ಬೇಡಮ್ಮ" ಎಂದರು ಅವರು.

"ಬೇಡ ಅಂದ್ರೆ ಬೇಡ ಸಾರ್" ಎಂದು ಅವಳು ಹೆಗಲು ನೀವಲು ಅಂಗೈಗೆ ಎಣ್ಣೆ ಹಾಕಿಕೊಂಡಳು.