ಬ್ಯೂಲಾ ಟ್ಯಾಂಕಿನ ಎರಡನೇ ಸಾವು

ಅಜ್ಜಿಯ ಕತೆಗಳಲ್ಲಿ ನಮ್ಮ ತಾತ ಆರ್ವಿಲ್ ಟೀಗ್ ಟ್ಯಾಂಕ್ ಹತ್ತಿ ಹೊರಟವನು ಇನ್ನೂ ಹೋಗುತ್ತಲೇ ಇದ್ದ. ನದಿ ಅಡ್ಡ ಬಂದರೆ ಟ್ಯಾಂಕು ಈಜುತ್ತಿತ್ತು, ಚಳಿಯಾದರೆ ಅವನನ್ನು ಹೊಟ್ಟೆಯೊಳಗೆ ಮಲಗಿಸಿಕೊಳ್ಳುತ್ತಿತ್ತು. ಬೆಲ್ಜಿಯಂನ ಹಿಮದಲ್ಲಿ ಒಂದೇ ಒಂದು ದಿನ ಯುದ್ಧ ಮಾಡಿ ಸತ್ತ ಎನ್ನುವುದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ.

ಎರಡನೇ ಮಹಾಯುದ್ಧ ಮುಗಿದು ನಲವತ್ತು ವರ್ಷಕ್ಕೆ ತಾತನಿದ್ದ ಟ್ಯಾಂಕ್ ಡಿವಿಷನ್ನಿನ ಮುದುಕರು ತಮ್ಮ ಇತಿಹಾಸ ಅಚ್ಚು ಹಾಕಿಸಲು ಹೊರಟರು. ಪುಸ್ತಕದ ಕೊನೆಯಲ್ಲಿ ಸತ್ತವರ ಪಟ್ಟಿ. ಅದರಲ್ಲಿ ತಾತನ ಹೆಸರಿರಲಿಲ್ಲ. ಸೇರಿಸದೆ ಬಿಡುವುದಿಲ್ಲವೆಂದು ಹೆಸ್ಟರಜ್ಜಿ ನಾನು ಓಡಿಸಿದ ಕಾರಿನಲ್ಲಿ ಕೆಂಟಕಿಯಲ್ಲಿ ನಡೆದ ಅವರ ಕೂಟಕ್ಕೆ ಬಂದಳು. ಚೀಲದಲ್ಲಿ ತಾತನ ಕೊನೆಯ ಕಾಗದವಿತ್ತು.

ಪುಸ್ತಕದ ಹೊಣೆ ಹೊತ್ತ ಮೇಜರ್ ಬ್ರಾಂಡ್ ಕಾಫಿ ಲೋಟ ಪಕ್ಕಕ್ಕಿಟ್ಟು ಕಾಗದವನ್ನು ಗಟ್ಟಿಯಾಗಿ ಓದಿದರು. "ಜನವರಿ ಏಳು. ಈಗ ತಾನೇ ಬಿ ಕಂಪನಿ ಸೇರಿದೆ. ನಮ್ಮ ಟ್ಯಾಂಕಿನ ಹೆಸರು ಬ್ಯೂಲಾ. ಹೊಚ್ಚ ಹೊಸದು, ಒಳಗೆ ಬಿಳಿ ಬಣ್ಣ ಇನ್ನೂ ಆರಿಲ್ಲ."

ಅವರು ಕನ್ನಡಕ ತೆಗೆದರು. "ಮಿಸೆಸ್ ಟೀಗ್, ಬಿ ಕಂಪನೀಲಿ ಬ್ಯೂಲಾ ಇದ್ದಿದ್ದು ನಿಜ. ಅಲ್ಲಿ ಎಲ್ಲಾ ಟ್ಯಾಂಕಿಗೂ ಬಿ ಅಕ್ಷರದ ಹೆಸರೇ. ಆದ್ರೆ ಅದು ಮೂರನೇ ತಾರೀಖೇ ಹೊಡೆತ ತಿಂತು. ಐದೂ ಜನ ಹೋದ್ರು. ನೋಡಿ, ಐದೂ ಹೆಸರು ಇಲ್ಲಿದೆ. ಸತ್ತ ಟ್ಯಾಂಕನ್ನ ನಿಮ್ಮ ಯಜಮಾನ್ರು ಏಳನೇ ತಾರೀಖು ಹೇಗೆ ಹತ್ತಿದ್ರು?"

"ನಮ್ಮೋರು ಸುಳ್ಳು ಬರೆಯೋರಲ್ಲ," ಎಂದಳು ಅಜ್ಜಿ.

ನನ್ನ ಕಣ್ಣಿಗೆ ಅಜ್ಜಿಯ ಕತೆಯೇ ಕಟ್ಟಿತು: ಹಿಮದಲ್ಲಿ ಎದ್ದು ನಿಂತ ಸತ್ತ ಟ್ಯಾಂಕು, ನಗುತ್ತಾ ಅದನ್ನು ಹತ್ತುವ ತಾತ.

ಪಕ್ಕದ ಮೇಜಿನಲ್ಲಿ ಕೇಕು ತಿನ್ನುತ್ತಿದ್ದ ದಪ್ಪ ಮುದುಕರೊಬ್ಬರು ಚಮಚ ಕೆಳಗಿಟ್ಟರು. ರಿಪೇರಿ ದಳದಲ್ಲಿದ್ದ ಎಮಿಲ್ ಕುಚೇರಾ.

"ಏನೋ ಎಮಿಲ್, ಹೊಟ್ಟೆ ತುಂಬ್ತಾ? ಆಶ್ಚರ್ಯ ಕಣೋ," ಎಂದು ಮೇಜರ್ ಕಿಚಾಯಿಸಿದರು.

ಎಮಿಲ್ ನಗಲಿಲ್ಲ. "ಬ್ಯೂಲಾ ಸತ್ತಿರ್ಲಿಲ್ಲ ಮೇಜರ್. ಎಳ್ಕೊಂಡು ನಮ್ಮತ್ರ ತಂದ್ರು. ತೂತು ಬೆಸೆದ್ವಿ. ಒಳಗೆ ತೊಳೆದ್ವಿ. ರಕ್ತ ನೀರಲ್ಲಿ ಹೋಗ್ಲಿಲ್ಲ, ಸೀಮೆಎಣ್ಣೆ ಹಾಕಿ ಉಜ್ಜಿದ್ವಿ. ಆಮೇಲೆ ಕಲೆ ಕಾಣದ ಹಾಗೆ, ವಾಸನೆ ಬರದ ಹಾಗೆ ಬಿಳಿ ಬಣ್ಣ ಬಳಿದ್ವಿ."

ಅಜ್ಜಿ ಕುರ್ಚಿಯ ಕೈ ಹಿಡಿದುಕೊಂಡಳು.

"ಹೊಸ ಹುಡುಗ್ರು ಐದು ಜನ ಬಂದ್ರು. ಹೊಸದಾ ಅಂತ ಕೇಳಿದ್ರು. ಹೂಂ, ಕಾರ್ಖಾನೆಯಿಂದ ನೇರ ಬಂದಿದೆ ಅಂದೆ. ಎಲ್ರಿಗೂ ಹಾಗೇ ಹೇಳ್ತಿದ್ವಿ ಅಮ್ಮಾ. ಗುಮಾಸ್ತ ಹೆಸರು ಬರ್ಕೊಳ್ಳೋದು ಸಂಜೆ. ಇವ್ರನ್ನ ಮಧ್ಯಾಹ್ನವೇ ಮುಂದಕ್ಕೆ ಕಳ್ಸಿದ್ರು. ಹೆಸರು ಬರ್ಕೊಳ್ಳೋ ಮೊದ್ಲೇ ಬ್ಯೂಲಾ ಮತ್ತೆ ನಮ್ಮತ್ರಾನೇ ಬಂತು."

"ಮತ್ತೆ?" ಎಂದೆ ನಾನು.

"ಮತ್ತೆ ತೊಳೆದ್ವಿ."

ಸಭಾಂಗಣದ ಆ ಕೊನೆಯಲ್ಲಿ ಯಾರೋ ಜೋರಾಗಿ ನಕ್ಕರು. ತಾತನನ್ನು ಬೆಚ್ಚಗೆ ಮಲಗಿಸಿಕೊಳ್ಳುತ್ತಿದ್ದ ಆ ಹೊಟ್ಟೆಯ ಗೋಡೆಗಳು ಬೆಳ್ಳಗೆ ನನ್ನ ಕಣ್ಣ ಮುಂದೆ ತೆರೆದುಕೊಂಡವು. ಬಣ್ಣದ ಕೆಳಗೆ ಇನ್ನೊಂದು ಬಣ್ಣ. ಅಜ್ಜಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ಮೇಜರ್ ಒಂದು ಖಾಲಿ ಹಾಳೆಯನ್ನು ಎಮಿಲ್ ಕಡೆ ತಳ್ಳಿದರು. "ಇದನ್ನ ಬರೆದು ಸಹಿ ಹಾಕ್ತೀಯಾ ಎಮಿಲ್?"

"ಹಾಕ್ತೀನಿ."

"ಹೊಸದು ಅಂತ ಹೇಳಿದ್ದನ್ನೂ ಬರೀರಿ," ಎಂದಳು ಅಜ್ಜಿ. ಅವಳ ಧ್ವನಿಯ ಗುರುತೇ ನನಗೆ ಸಿಗಲಿಲ್ಲ.

ಎಮಿಲ್ ತಲೆ ತಗ್ಗಿಸಿ ಅದನ್ನೂ ಬರೆದರು. ಮೇಜರ್ ಪಟ್ಟಿಯಲ್ಲಿ ತಾತನ ಹೆಸರು ಸೇರಿಸಿ ಪೆನ್ನು ಎತ್ತಿದರು. "ಜೊತೆಗಿದ್ದ ನಾಲ್ವರು ಯಾರು?"

"ಕೇಳ್ಲಿಲ್ಲ," ಎಂದರು ಎಮಿಲ್. "ಹೆಸರು ಕೇಳ್ಬಿಟ್ರೆ, ತೊಳೆಯೋವಾಗ ನೆನಪಾಗುತ್ತೆ ಅಂತ ನಾವು ಯಾರ ಹೆಸರನ್ನೂ ಕೇಳ್ತಿರ್ಲಿಲ್ಲ."

ಅಜ್ಜಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಹುಡುಕಿದಳು. ಒಂದು ಹೆಸರೂ ಇರಲಿಲ್ಲ. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಮೇಜರ್ ಕಡೆ ಚಾಚಿದಳು.

"ಜೊತೆಗಿರೋರಲ್ಲಿ ಒಬ್ಬ ತುಂಬಾ ನಗಿಸ್ತಾನೆ ಅಂತ ಬರೆದಿದಾರೆ. ಅಷ್ಟಾದ್ರೂ ಹಾಕ್ಕೊಳ್ಳಿ."