ದೃಢಕಾಯ

ತಣ್ಣಗಿವೆ ಡಾಕ್ಟರ ಬೆರಳು, ನನ್ನ ಬಲ ಮೊಣಕೈ ಹಿಡಿದು ಮೆಲ್ಲಗೆ ಮಡಿಸುತ್ತಿದ್ದಾರೆ, ಕೈ ಒಂದಿಷ್ಟು ಬಂದು ತಡೆಯುತ್ತದೆ, ಮತ್ತೆ ಬರುತ್ತದೆ, ಮತ್ತೆ ತಡೆಯುತ್ತದೆ, ಒಳಗೆ ಯಾರೋ ಕೂತು ಹಲ್ಲಿನ ಚಕ್ರ ತಿರುಗಿಸಿದ ಹಾಗೆ — ಟೀಚರ್, ಇದನ್ನೇ ನಾವು ರಿಜಿಡಿಟಿ ಅನ್ನೋದು, ಬಿಗಿತ, ಸಡಿಲ ಬಿಡಿ — ನಾನು ಬಿಟ್ಟೇ ಇದ್ದೀನಪ್ಪಾ, ಅದೇ ಬಿಡ್ತಿಲ್ಲ, ಎಂದೆ, ಅವರು ನಕ್ಕರು, ನನಗೂ ನಗು, ಮೂವತ್ತನಾಲ್ಕು ವರ್ಷ ಇದೇ ಪದ ಮಾರಿ ಅನ್ನ ತಿಂದವಳು ನಾನು, ದೃಢಕಾಯ, ರಿಜಿಡ್ ಬಾಡಿ, ಎಂದರೇನು, ಯಾವ ಎರಡು ಬಿಂದುಗಳ ನಡುವಿನ ದೂರವೂ ಬದಲಾಗದ ವಸ್ತು, ಬರ್ಕೊಳ್ಳಿ. ಪಕ್ಕದ ತರಗತಿಯ ಭೌತಶಾಸ್ತ್ರದ ಮೇಷ್ಟ್ರು ಚಹಾ ಹೀರುತ್ತ ಕೆಣಕುತ್ತಿದ್ದರು, ಅಂಥ ವಸ್ತು ಲೋಕದಲ್ಲೇ ಇಲ್ಲ ಕಣ್ರೀ, ಉಕ್ಕೂ ಕೂದಲೆಳೆಯಷ್ಟು ಬಗ್ಗುತ್ತೆ, ಇರೋದು ನಿಮ್ಮ ಪುಸ್ತಕದಲ್ಲಿ, ಬಿಟ್ಟರೆ ನಿಮ್ಮ ಸ್ವಭಾವದಲ್ಲಿ — ಸಿಟ್ಟು ಬಂದಿತ್ತು ಆಗ, ನಾಲ್ಕು ಕಡ್ಡಿಗೆ ಮೊಳೆ ಹೊಡೆದು ಚೌಕ ಮಾಡಿ ಮಕ್ಕಳ ಮುಂದೆ ಹಿಡಿಯುತ್ತಿದ್ದೆ, ಒತ್ತಿದರೆ ಓರೆಯಾಗುತ್ತದೆ, ಮೂಲೆಯಿಂದ ಮೂಲೆಗೆ ಕರ್ಣ ಹೊಡೆದರೆ ಜಪ್ಪಯ್ಯ ಅಂದರೂ ಅಲುಗುವುದಿಲ್ಲ, ಮನೆಗೂ ಒಂದು ಕರ್ಣ ಬೇಕೆಂದು ನಾನೇ ಅಡ್ಡ ನಿಂತುಬಿಟ್ಟೆ, ತಂಗಿಯ ಮಗಳು ನಾನೇ ತಿದ್ದಿದ ಗಣಿತದ ಪರೀಕ್ಷೆಯಲ್ಲಿ ಒಂದೇ ಒಂದು ಅಂಕದಲ್ಲಿ ನಪಾಸಾದಾಗಲೂ, ಅಕ್ಕಾ, ಒಂದಲ್ವಾ, ನಿನ್ನ ಪೆನ್ನಿನ ತುದೀಲಿದೆ, ನಿಯಮ ಅಂದ್ರೆ ನಿಯಮ ಕಣೇ, ಹಾಗಾದ್ರೆ ನಿನ್ನ ಮನೆ ಮೆಟ್ಟಿಲು ಹತ್ತೋಳಲ್ಲ ನಾನು, ಹತ್ತಬೇಡ ಹೋಗು — ಒಂಬತ್ತು ವರ್ಷ ಹತ್ತಲಿಲ್ಲ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅಂಗಿಯ ಮೂರನೆಯ ಗುಂಡಿ ಹಾಕಿಕೊಳ್ಳಲಾಗದೆ ಕನ್ನಡಿ ಮುಂದೆ ಮುಕ್ಕಾಲು ಗಂಟೆ ನಿಂತಿದ್ದೆ, ಎಡಗೈಯಲ್ಲಿ ಫೋನ್ ಎತ್ತಿದೆ, ತಂಗಿಯ ನಂಬರು ಮರೆತಿರಲಿಲ್ಲ, ತಪ್ಪಾಯ್ತು ಅನ್ನಬೇಕೆಂದಿದ್ದೆ, ಬಾಯಿಗೆ ಬಂದದ್ದು ಗುಂಡಿ ಹಾಕೋಕಾಗ್ತಿಲ್ಲ ಕಣೇ, ಅಷ್ಟೇ, ಆ ಕಡೆಯಿಂದ, ಚಿಲಕ ತೆಗೆದಿಡು, ಬರ್ತಿದ್ದೀನಿ — ಬಂದಳು, ಅವಳ ಕೂದಲೂ ನೆರೆತಿತ್ತು, ಗುಂಡಿ ಹಾಕುತ್ತ ಗೊಣಗಿದಳು, ಇಷ್ಟು ವರ್ಷ ಮನಸ್ಸು ಸೆಟೆದಿತ್ತು, ಈಗ ಮೈಗೂ ಇಳೀತಾ, ಇಬ್ಬರೂ ನಕ್ಕು ನಕ್ಕು, ಅವಳ ಕಣ್ಣೀರು ನನ್ನ ಕೊರಳ ಮೇಲೆ, ಆಗ ಹೇಳಿಬಿಟ್ಟೆ, ಆ ಅಂಕ ಕೊಡಬಹುದಿತ್ತು ಕಣೇ, ಆರನೇ ಲೆಕ್ಕದ ಹೆಜ್ಜೆ ಸರಿಯಾಗೇ ಇತ್ತು, ನನಗೆ ಗೊತ್ತಿತ್ತು — ನಿನಗೆ ಗೊತ್ತಿತ್ತು ಅಂತ ನನಗೂ ಗೊತ್ತಿತ್ತು, ಎಂದಳು, ಕಾಲರು ಸರಿಮಾಡಿದಳು. ಆ ಹುಡುಗಿ ಈಗ ಸೇತುವೆ ಕಟ್ಟುವವರಲ್ಲಿ ಕೆಲಸಕ್ಕಿದ್ದಾಳೆ, ಗಾಳಿಗೆ ಚೂರು ತೂಗೋ ಹಾಗೇ ಕಟ್ತೀವಿ ದೊಡ್ಡಮ್ಮ, ಇಲ್ಲಾಂದ್ರೆ ಮುರಿಯುತ್ತೆ, ಎಂದು ಮೊನ್ನೆ ನನಗೇ ಪಾಠ ಹೇಳಿದಳು, ಎಷ್ಟು ಚೆನ್ನಾಗಿ ಹೇಳುತ್ತಾಳೆ. ಡಾಕ್ಟರು ಕೈ ಬಿಟ್ಟರು, ಮಾತ್ರೆ ಹೆಚ್ಚಿಸೋದು ಬೇಡ ಟೀಚರ್, ಆದರೆ ನಡೀವಾಗ ಕೈ ಬೀಸಬೇಕು, ಇದು ಕಟ್ಟಿಹಾಕಿದ ಹಾಗೆ ನಿಂತುಬಿಡುತ್ತೆ, ನೀವೇ ನೆನಪು ಮಾಡ್ಬೇಕು. ಹೊರಗೆ ಉದ್ದನೆಯ ಓಣಿ, ಆಗಷ್ಟೇ ಒರೆಸಿದ ನೆಲ, ಕಿಟಕಿಯ ಬಿಸಿಲು, ಬೆಂಚಿನಿಂದ ಎದ್ದ ತಂಗಿ ನನ್ನ ಬಲಗೈ ಹಿಡಿದಳು, ಬೀಸು ಅಕ್ಕಾ, ಮುಂದೆ, ಹಿಂದೆ, ಜನ ನೋಡ್ತಾರೆ ಕಣೇ, ನೋಡ್ಲಿ ಬಿಡು, ಪುಕ್ಕಟೆ ತಾನೇ, ಮುಂದೆ, ಹಿಂದೆ, ನೆಲದ ಮೇಲೆ ನಮ್ಮ ನೆರಳು, ಅವಳ ಕೈ, ನನ್ನ ಕೈ, ಎರಡು ನೆರಳಿನ ನಡುವೆ ಬಿಸಿಲ ಗೆರೆ — ಗೆರೆ ಎಲ್ಲಿಂದ ಬಂತು, ಅವಳು ಯಾವಾಗಲೋ ಕೈ ಬಿಟ್ಟಿದ್ದಾಳೆ, ನನ್ನ ಕೈಯ ನೆರಳು ಮುಂದಕ್ಕೆ, ಇಷ್ಟೇ ಇಷ್ಟು, ಹಿಂದಕ್ಕೆ, ಮತ್ತೆ ಮುಂದಕ್ಕೆ, ತಾನಾಗಿ, ಬೀಸುತ್ತಿದೆ ಆ ನೆರಳು.