ಜನರಿಲ್ಲದ ಕಲ್ಯಾಣದುರ್ಗ

ಶಂಕರಯ್ಯನವರ ಹಿಂದೆ ನಡೆಯುವವರು ತುಸು ಅಂತರ ಬಿಟ್ಟೇ ನಡೆಯಬೇಕು ಎಂಬುದು ಹಿಂದೂಪುರದಲ್ಲಿ ಬಹಳ ಮಂದಿಗೆ ಅನುಭವದಿಂದ ತಿಳಿದಿದ್ದ ಸಂಗತಿ. ಎಡಗಾಲನ್ನು ಕೊಂಚ ಹೊರಕ್ಕೆ ಚೆಲ್ಲುತ್ತ, ಒಂದೇ ಲಯದಲ್ಲಿ ಸಾಗುತ್ತಿದ್ದ ಆ ನೀಳ ಆಕೃತಿ ಇದ್ದಕ್ಕಿದ್ದಂತೆ ದಾರಿ ಮುರಿದು, ಅಡ್ಡಬಂದ ಸೈಕಲ್ಲನ್ನೂ ಲೆಕ್ಕಿಸದೆ, ಹತ್ತಿರದ ಕರೆಂಟು ಕಂಬಕ್ಕೆ ಹೆಗಲಾನಿಸಿ ನಿಂತುಬಿಡುತ್ತಿತ್ತು. ಬಲಗೈಯ ಮುಷ್ಟಿ ಕಂಬಕ್ಕೆ ಒತ್ತಿಕೊಳ್ಳುತ್ತಿತ್ತು, ಉಸಿರು ನಿಲ್ಲುತ್ತಿತ್ತು, ಕಣ್ಣು ಎಲ್ಲೋ ನೆಡುತ್ತಿತ್ತು. ಕೆಲವು ಕ್ಷಣ ಕಳೆದ ಮೇಲೆ ಏನೂ ನಡೆಯಲಿಲ್ಲವೆಂಬಂತೆ ಅದೇ ಲಯ, ಅದೇ ಎಡಗಾಲು. ತಲೆಸುತ್ತಿನ ಕಾಯಿಲೆ ಎಂದರು ಕೆಲವರು, ಯಾವುದೋ ಹರಕೆ ಎಂದರು ಇನ್ನು ಕೆಲವರು. ಆ ಮುಷ್ಟಿಯೊಳಗೊಂದು ಕ್ಯಾಮೆರಾ ಅಡಗಿದೆಯೆಂದು ಬಲ್ಲವರು ಜೂನಿಯರ್ ಕಾಲೇಜಿನಲ್ಲಿ ಅವರ ಜತೆ ಪಾಠ ಹೇಳುತ್ತಿದ್ದ ನಾವು ಕೆಲವರೇ.

ಅವರು ಕಲಿಸುತ್ತಿದ್ದುದು ರಸಾಯನಶಾಸ್ತ್ರ. ಹಿಂದೂಪುರದ ಏಪ್ರಿಲ್ ಬಿಸಿಲಿನಲ್ಲೂ ಬಿಚ್ಚದ ಬೂದುಬಣ್ಣದ ಕೋಟೊಂದು ಅವರ ಮೈಗೆ ಎರಡನೆಯ ಚರ್ಮವಾಗಿತ್ತು. ಅದರ ಒಳಜೇಬನ್ನು ಹೇಳಿ ಹೊಲಿಸಿದ್ದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪವೇ ದೊಡ್ಡದಾದ ಆ ಜಪಾನಿ ಕ್ಯಾಮೆರಾ, ಬೆಂಗಳೂರಿನ ಭಾನುವಾರದ ಹಳೆಸಾಮಾನಿನ ಬಜಾರಿನಲ್ಲಿ ಸಿಕ್ಕಿದ್ದು, ಅಲ್ಲಿ ಬೆಚ್ಚಗೆ ಕೂತಿರುತ್ತಿತ್ತು. ಅದಕ್ಕೆ ಬೇಕಾದ ಕಿರಿದಾದ ಫಿಲ್ಮು ಮಾತ್ರ ಅಂಗಡಿಯಲ್ಲಿ ಸಿಗುವಂಥದಲ್ಲ. ಇನ್ನೊಬ್ಬರಾಗಿದ್ದರೆ ಅದನ್ನು ಷೋಕೇಸಿನಲ್ಲಿಟ್ಟು ಸುಮ್ಮನಾಗುತ್ತಿದ್ದರು. ಇವರು ಆಸ್ಪತ್ರೆಯ ಎಕ್ಸ್‌ರೇ ಫಿಲ್ಮನ್ನು ಕತ್ತರಿಸಿ ತುಂಬಿದರು. ಚಿತ್ರದ ವಸ್ತುಗಳ ಸುತ್ತ ದೇವರ ಪ್ರಭಾವಳಿಯಂಥ ಮಂಜು ಮೂಡಿತು. ಸಿನಿಮಾದ ಧ್ವನಿಮುದ್ರಣಕ್ಕೆ ಬಳಸುವ ಫಿಲ್ಮನ್ನು ಮದರಾಸಿನಿಂದ ತರಿಸಿದರು. ಅದು ಇದ್ದಿಲಿನಲ್ಲಿ ಬರೆದಂತೆ ಕಂಡಿತು. ಕೊನೆಗೆ ಮನಸ್ಸು ನೆಲೆನಿಂತದ್ದು ಆಫ್‌ಸೆಟ್ ಪ್ರೆಸ್ಸಿನವರು ಅಕ್ಷರ ಹಿಡಿಯಲು ಬಳಸುತ್ತಿದ್ದ ಫಿಲ್ಮಿನ ಮೇಲೆ. ಪ್ರೆಸ್ಸಿನಲ್ಲಿ ಉಳಿದ ತುಂಡುಗಳನ್ನು ತಂದು, ಮರದ ಹಿಡಿಗೆ ಜೋಡಿಸಿದ ಎರಡು ಬ್ಲೇಡುಗಳಿಂದ ಕೆಂಪು ದೀಪದ ಬೆಳಕಿನಲ್ಲಿ ಉದ್ದುದ್ದ ಪಟ್ಟಿಗಳಾಗಿ ಸೀಳುತ್ತಿದ್ದರು. ಆ ಫಿಲ್ಮಿಗೆ ಕೆಂಪು ಕಾಣದು. ಕುಂಕುಮ ಅದರ ಪಾಲಿಗೆ ಕಪ್ಪು, ನೀಲಿಯ ಬಾನು ಬರಿಯ ಬಿಳುಪು, ಮನುಷ್ಯನ ಚರ್ಮ ನಿಜಕ್ಕಿಂತ ಕಡುವಾಗಿ, ಗೆರೆಗೆರೆಯಾಗಿ ಬರುತ್ತಿತ್ತು. ಅಲ್ಲದೆ ಬಲು ಮಂದಗತಿಯ ಫಿಲ್ಮು. ಬೆಳಕನ್ನು ಕುಡಿಯಲು ಅದಕ್ಕೆ ಸಾವಕಾಶ ಬೇಕು. ಅಷ್ಟು ಹೊತ್ತು ಅಲುಗದಿದ್ದುದು ಉಳಿಯುತ್ತಿತ್ತು, ಕೂತು ಮಿಸುಕಿದ್ದು ಹೊಗೆಯಾಗುತ್ತಿತ್ತು, ನಡೆದುಹೋದದ್ದು ಗುರುತೂ ಇಲ್ಲದೆ ಅಳಿಯುತ್ತಿತ್ತು.

ಈ ಫಿಲ್ಮನ್ನು ಅವರು ತೊಳೆಯುತ್ತಿದ್ದುದು ಕಾಫಿ ಡಿಕಾಕ್ಷನ್ನಿಗೆ ಬಟ್ಟೆ ಸೋಡಾ ಬೆರೆಸಿದ ದ್ರಾವಣದಲ್ಲಿ. ತಾವು ಕಾಫಿ ಮುಟ್ಟುತ್ತಿರಲಿಲ್ಲ. ತಿಂಗಳು ತಿಂಗಳೂ ಅಷ್ಟೊಂದು ಕಾಫಿಪುಡಿ ಕಟ್ಟಿಕೊಡುತ್ತಿದ್ದ ಅಂಗಡಿಯ ಪೋತಪ್ಪನಿಗೆ ಆ ಒಂಟಿ ಮೇಷ್ಟ್ರ ಮೇಲೆ ಅಪಾರ ಗೌರವ. "ಸಾರ್ ಮನೆಗೆ ದಿನಾ ನೆಂಟ್ರು ಕಣಪ್ಪ, ಪುಣ್ಯಾತ್ಮರು" ಎಂದು ಗಿರಾಕಿಗಳೆದುರು ಹೊಗಳುತ್ತಿದ್ದ. ಶಂಕರಯ್ಯ ಮುಗುಳ್ನಕ್ಕು ಪೊಟ್ಟಣ ತೆಗೆದುಕೊಳ್ಳುತ್ತಿದ್ದರು; ಒಮ್ಮೆಯೂ ತಿದ್ದಲಿಲ್ಲ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ದಾರಿ ತಪ್ಪಿದ ಆ ಬಾಡಿಗೆ ಮನೆಯ ಹೊಸಿಲನ್ನು ವರ್ಷದಲ್ಲಿ ಯಾರಾದರೂ ದಾಟುತ್ತಿದ್ದರೆ ಅದು ಕರೆಂಟು ಬಿಲ್ಲಿನವನು.

ಭಾನುವಾರ ಮಾತ್ರ ಪಾವಗಡದ ಮೇಲೆ ಹಾದುಹೋಗುವ ಬಸ್ಸು ಹಿಡಿದು ಕಲ್ಯಾಣದುರ್ಗಕ್ಕೆ ಹೋಗುತ್ತಿದ್ದರು. ಅಲ್ಲಿ ಅಕ್ಕ ತಿಪ್ಪಕ್ಕನ ಮನೆ. ಸೆಟ್ಟೂರಿನಲ್ಲಿ ಅವರ ಅವ್ವ ತೀರಿಕೊಂಡಾಗ ಶಂಕರಯ್ಯ ಇನ್ನೂ ತೊದಲುಮಾತಿನ ಕೂಸು. ಸಾಕಿ ದೊಡ್ಡವರನ್ನಾಗಿ ಮಾಡಿದ್ದು ಈ ಅಕ್ಕನೇ. ಮುದ್ದೆ ಉಂಡು, ಹತ್ತು ಮಾತೂ ಆಡದೆ, ಸಂಜೆಯ ಬಸ್ಸಿಗೆ ಮುಂಚೆ ಊರೆಲ್ಲ ಸುತ್ತಿ, ಕಂಬ ಕಂಬಕ್ಕೂ ಹೆಗಲಾನಿಸಿ ಚಿತ್ರ ತೆಗೆಯುತ್ತಿದ್ದರು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಆ ದುರ್ದಿನ ಬಂತು. ಸೆಲ್‌ಫೋನಿನಲ್ಲಿ ಕದ್ದು ಹೆಂಗಸರ ಫೋಟೋ ತೆಗೆಯುವವರ ಸುದ್ದಿ ಪೇಪರುಗಳಲ್ಲಿ ಬಿಸಿಬಿಸಿಯಾಗಿ ಬರುತ್ತಿದ್ದ ಕಾಲ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ, ಹೆಂಗಸರು ಕೂತಿದ್ದ ಕಟ್ಟೆಯ ಕಡೆ ಮುಷ್ಟಿ ಹಿಡಿದು ನಿಂತಿದ್ದ ಇವರ ಕೈಯನ್ನು ಒಬ್ಬ ಯುವಕ ಗಪ್ಪನೆ ಹಿಡಿದ. "ಚೇತಿಲೋ ಏಮುಂದಿ? ತೀಯ್ ಬಯಟಿಕಿ!" ಎಂದು ತೆಲುಗಿನಲ್ಲಿ ಅರಚಿ, ಕೈಯಲ್ಲಿದ್ದುದನ್ನು ಹೊರಗೆ ತೆಗೆಸಲು ಬೆರಳು ಬಿಡಿಸಿದ. ಕ್ಯಾಮೆರಾ ಕಂಡದ್ದೇ ಜನ ಮುತ್ತಿತು. ಯಾರೋ ಅದರ ಬೆನ್ನು ತೆರೆದರು. ಪಟ್ಟಿ ಸುರುಳಿ ಬಿಚ್ಚಿಕೊಂಡು ಬಿಸಿಲಿಗೆ ಬಿತ್ತು. ಕೋಟಿನ ಕಾಲರು ಹಿಡಿದು ಪೊಲೀಸ್ ಸ್ಟೇಷನ್ನಿಗೆ ನಡೆಸಿದರು. ಶಂಕರಯ್ಯ ಬಿಸಿಲಲ್ಲಿ ಬಿದ್ದ ಪಟ್ಟಿಯತ್ತಲೇ ತಿರುತಿರುಗಿ ನೋಡುತ್ತ ನಡೆದರು. ಫಿಲ್ಮಿಗೆ ಬೆಳಕು ಬಿತ್ತೆಂಬ ಸಂಕಟ ಮೊದಲು ಬಂತಂತೆ. ಅವಮಾನ ಬಂದದ್ದು ಆಮೇಲೆ.

ಒಳಜೇಬಿನಲ್ಲಿದ್ದ ಪುಟ್ಟಪುಟ್ಟ ಪ್ರಿಂಟುಗಳನ್ನು ಎಸ್‌ಐ ಮೇಜಿನ ಮೇಲೆ ಹರಡಿದರು. ಬಸ್‌ಸ್ಟ್ಯಾಂಡು, ಕಟ್ಟೆ, ಅದರ ಮೇಲೆ ಹೊಗೆಯಂಥ ಮಸುಕು, ಬೇವಿನ ಮರ, ತೆರೆದ ಅಂಗಡಿಸಾಲು, ಹೂವಿನ ಬುಟ್ಟಿ. ಬ್ರಹ್ಮಸಮುದ್ರದ ಕಡೆಯ, ಕನ್ನಡ ಮಾತಿನ ಕಾನ್‌ಸ್ಟೇಬಲ್ ಮರುಳಪ್ಪ ಬಗ್ಗಿ ಒಂದೊಂದನ್ನೂ ತಿರುವಿದ.

"ಏನ್ ಸಾರ್ ಇದು, ಒಬ್ಬ ನರಮನುಷ್ಯಾನೂ ಇಲ್ಲ! ಇದು ನಮ್ಮ ಕಲ್ಯಾಣದುರ್ಗಾನೇನಾ?"

"ಅದೇ ಊರು."

"ಸಂತೆ ದಿನ ತೆಗ್ದಂಗೈತೆ. ಜನ ಎಲ್ಲಿ ಹೋದ್ರು?"

"ಇದ್ದರು. ಚಿತ್ರಕ್ಕೆ ಬರಲಿಲ್ಲ."

ಅಷ್ಟರಲ್ಲಿ ಸುದ್ದಿ ಮುಟ್ಟಿ ತಿಪ್ಪಕ್ಕ ಏದುಸಿರು ಬಿಡುತ್ತ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲೇ ನಿಂತು ಗುಡುಗಿದಳು: "ಯಾರಪ್ಪ ನನ್ನ ತಮ್ಮನ್ನ ಹಿಡ್ಕಂಡು ಬಂದೋರು? ಹೆಂಗಸ್ರನ್ನ ನೋಡೋದಿರ್ಲಿ, ಮನುಷ್ಯರನ್ನೇ ತಲೆ ಎತ್ತಿ ನೋಡಿದೋನಲ್ಲ ಕಣಪ್ಪ ಇವನು. ಗೋಡೆ, ಕಲ್ಲು, ಮರ, ಇವನ್ನೇ ನಂಬ್ಕಂಡು ಬದುಕ್ಬುಟ್ಟ. ಇವನಿಗೆ ಯಾರೂ ಬೇಡ!"

ಎಸ್‌ಐ ಕ್ಷಮೆ ಕೇಳಿ ಕ್ಯಾಮೆರಾ ಹಿಂದಿರುಗಿಸಿದರು. ಯುವಕನೂ ತಲೆ ತಗ್ಗಿಸಿದ. ಎಲ್ಲ ಸುಖಾಂತವಾಯಿತೆಂದು ತಿಪ್ಪಕ್ಕ ತಮ್ಮನಿಗೆ ಮಜ್ಜಿಗೆ ಕುಡಿಸಿ ಬಸ್ಸು ಹತ್ತಿಸಿದಳು. ಆದರೆ ಪಾವಗಡ ದಾಟುವವರೆಗೂ ಶಂಕರಯ್ಯನವರ ಕಿವಿಯಲ್ಲಿ ಮೊಳಗಿದ್ದು ಗುಂಪಿನ ಬೈಗುಳವಲ್ಲ, ಅಕ್ಕನ ಸಮರ್ಥನೆ. ಕಳ್ಳನೆಂದು ಹಿಡಿದವರ ಆರೋಪ ಒಂದು ಗಳಿಗೆಯಲ್ಲಿ ಸುಳ್ಳಾಯಿತು. ಇವನಿಗೆ ಯಾರೂ ಬೇಡವೆಂದು ಬಿಡಿಸಿಕೊಂಡು ಬಂದವಳ ಮಾತನ್ನು ಸುಳ್ಳು ಮಾಡಲು ಅವರ ಬಳಿ ಒಂದು ಚಿತ್ರವೂ ಇರಲಿಲ್ಲ.

ಹಲವು ಭಾನುವಾರ ಅವರು ಕಲ್ಯಾಣದುರ್ಗಕ್ಕೆ ಹೋಗಲಿಲ್ಲ. ಮತ್ತೆ ಹೋದಾಗ, ಊಟವಾದ ಮೇಲೆ, ಕೈ ಒರೆಸುತ್ತ, ಹುಡುಗಿ ಕೇಳಲು ಬಂದವರ ಹಾಗೆ ತಡವರಿಸಿ ಹೇಳಿದರು: "ಅಕ್ಕಯ್ಯ, ನಿಂದೊಂದು ಫೋಟೋ ತೆಗೀತೀನಿ."

"ನಂದಾ? ಈ ವಯಸ್ಸಲ್ಲಿ ನನಗ್ಯಾತರ ಫೋಟೋನೋ!" ಎಂದಳು, ಎಂದವಳು ಒಳಗೆ ಹೋಗಿ ಮುಖ ತೊಳೆದು, ದೊಡ್ಡದಾಗಿ ಕುಂಕುಮವಿಟ್ಟು ಬಂದಳು. ಅಂಗಳದ ನೆರಳಿನಲ್ಲಿ ಗೋಡೆಗೆ ತಲೆಯಾನಿಸಿ ಕೂರಿಸಿದರು. ಕ್ಯಾಮೆರಾವನ್ನು ಒರಳುಕಲ್ಲಿನ ಮೇಲಿಟ್ಟು ಅದುಮಿ ಹಿಡಿದರು.

"ಉಸ್ರು ಬಿಡಬೌದೇನ್ಲಾ?"

"ಬಿಡು. ಅಲ್ಲಾಡ್ಬೇಡ. ನನ್ನನ್ನೇ ನೋಡು."

ಅವಳು ನೋಡಿದಳು. ಅಷ್ಟು ದೀರ್ಘವಾಗಿ ಅಕ್ಕತಮ್ಮ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು ಎಂದು ಅವರು ನನಗೆ ಹೇಳಿದ್ದುಂಟು.

ಮುಂದಿನ ಭಾನುವಾರ ಪ್ರಿಂಟನ್ನು ಅವಳ ಅಂಗೈಯಲ್ಲಿಟ್ಟರು. ತಿಪ್ಪಕ್ಕ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಕಪ್ಪಾದ ಕುಂಕುಮ, ಕಡುವಾದ ಚರ್ಮ, ಆಳಕ್ಕಿಳಿದ ಗೆರೆಗಳು. ನೋಡುತ್ತ ನೋಡುತ್ತ ಅವಳ ಮುಖ ಕುಗ್ಗಿತು, ಕಣ್ಣು ತುಂಬಿ ಬಂತು.

"ಇದು ನಾನಲ್ಲ ಕಣ್ಲಾ. ಅವ್ವ! ಅವ್ವನ್ನ ಎಲ್ಲಿಂದ ಕರ್ಕಂಡು ಬಂದ್ಯೋ?"

"ಅಕ್ಕ, ಅದು ನೀನೇ. ಫಿಲ್ಮು ಹಂಗೆ."

"ನೀನು ಕೂಸು ಆವಾಗ, ನಿನಗೆಲ್ಲಿ ಗ್ಯಾಪಕ ಇರ್ತೈತೆ. ನಾನು ಕಂಡಿಲ್ವಾ ನಮ್ಮವ್ವನ್ನ?"

ಅವ್ವನ ಫೋಟೋ ಎಂಬುದು ಜಗತ್ತಿನಲ್ಲೆಲ್ಲೂ ಇರಲಿಲ್ಲ. ತಿಪ್ಪಕ್ಕ ಆ ಪುಟ್ಟ ಚಿತ್ರವನ್ನು ದೇವರ ಗೂಡಿನಲ್ಲಿಟ್ಟು ಹೂವು ಮುಡಿಸಿದಳು. ಶಂಕರಯ್ಯ ಅದನ್ನೇ ದಿಟ್ಟಿಸಿದರು. ಅವ್ವನ ಮುಖ ಕಂಡ ನೆನಪೇ ಇಲ್ಲದ ಅವರಿಗೆ ಅಲ್ಲಿ ಕಂಡದ್ದು ಅಕ್ಕ ಮಾತ್ರ. ತಮಗೆ ಉಣ್ಣಿಸಿದ, ಬೈದ, ತೊಡೆಯ ಮೇಲೆ ಮಲಗಿಸಿಕೊಂಡ ಮುಖ. ಇನ್ನೊಂದು ತೆಗೆಯುತ್ತೇನೆ, ಈ ಸಲ ನಗು, ಎಂದು ಕೇಳಿಕೊಂಡರು.

"ಒಂದು ಸಾಕು ಬಿಡೋ. ಅವ್ವ ಬಂದ್ಲಲ್ಲ" ಎಂದು ಅವಳು ಸೊಪ್ಪು ಸೋಸಲು ಒಳಗೆ ಹೋದಳು.

ಆಮೇಲೆ ಅವರು ಯಾರನ್ನೂ ಕೇಳಲಿಲ್ಲ. ಪ್ರೆಸ್ಸಿಗೆ ಹೊಸ ಯಂತ್ರ ಬಂದು ಆ ಫಿಲ್ಮು ನಿಂತುಹೋಗುವವರೆಗೂ ಗೋಡೆ, ಮರ, ಕಟ್ಟೆಗಳೇ ಮುಂದುವರಿದವು. "ನಾನು ಕೂರಿಸಿದ್ದು ಅಕ್ಕನ್ನ, ಬಂದದ್ದು ಅವ್ವ. ಅವಳಿಗೆ ಒಳ್ಳೇದೇ ಆಯ್ತು ಬಿಡಿ" ಎಂದು ಒಮ್ಮೆ ಪ್ರಯೋಗಶಾಲೆಯಲ್ಲಿ ಗಾಜಿನ ನಳಿಗೆ ತೊಳೆಯುತ್ತ ಹೇಳಿದರು. ನೀರಿನ ಸದ್ದಿನಲ್ಲಿ ಅದರ ಮುಂದಿನ ಮಾತು ಕೇಳಿಸಲಿಲ್ಲ.

ಪ್ರತಿಯೊಂದು ಊರಿನಲ್ಲೂ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರು ಕೇಳದಿರುವುದನ್ನೇ ನಾವು ಬೇಡದಿರುವುದೆಂದು ತಿಳಿದು, ತಿಳಿದು ನಿಶ್ಚಿಂತರಾಗಿ, ಅವರ ಒಂಟಿತನಕ್ಕೆ ವೈರಾಗ್ಯವೆಂಬ ಗೌರವದ ಹೆಸರಿಟ್ಟು ಮುಂದೆ ಸಾಗುತ್ತೇವೆ. ಸ್ವಲ್ಪ ಹೊತ್ತು ನನ್ನೆದುರು ಕೂತಿರು ಎಂಬ ಒಂದು ಸಣ್ಣ ಮಾತನ್ನು ತುಟಿಯವರೆಗೆ ತರಲು ಅವರಿಗೆ ಅರ್ಧ ಆಯುಷ್ಯ ಹಿಡಿಯುತ್ತದೆ. ತಂದಾಗ ಎದುರಿನವರು ಕೂರುತ್ತಾರೆ, ಪ್ರೀತಿಯಿಂದಲೇ ಕೂರುತ್ತಾರೆ, ತಮಗೆ ಬೇಕಾದವರನ್ನು ಕಂಡುಕೊಂಡು ಎದ್ದು ಹೋಗುತ್ತಾರೆ. ಎರಡನೆಯ ಸಲ ಕೇಳುವ ವಿದ್ಯೆಯನ್ನು ಮಾತ್ರ ಅವರಿಗೆ ಯಾರೂ ಕಲಿಸಿರುವುದಿಲ್ಲ.